ಡೇಟಾಬೇಸ್ ಫೈಲ್ ಕಾಪಿ ಮಾಡುವ ಮುನ್ನ: ಪೆನ್‌ಡ್ರೈವ್‌ಗೆ ಬಂದದ್ದು ಪೂರ್ತಿ ಲೆಕ್ಕವೇ?

ಮುಂಬೈ, ಪುಣೆಯ ಉಡುಪಿ ಹೋಟೆಲುಗಳ ಗಲ್ಲಾದ ಪಕ್ಕ ಈಗ ಬಿಲ್ಲಿಂಗ್ ಕಂಪ್ಯೂಟರ್ ಸಾಮಾನ್ಯ. ಮಾರ್ಚ್ ಮುಗಿಯುತ್ತಿದ್ದಂತೆ ಆಡಿಟರ್ 'ಡೇಟಾ ಕಳಿಸಿ' ಎನ್ನುತ್ತಾರೆ. ಹುಡುಗನೊಬ್ಬ ಫೋಲ್ಡರನ್ನು ಕಾಪಿ ಮಾಡಿ ಪೆನ್‌ಡ್ರೈವ್‌ಗೆ ಹಾಕಿ ಕೊಡುತ್ತಾನೆ. ಅದೇ ಹೊತ್ತಿಗೆ ಗಿರಾಕಿಗಳ ಬಿಲ್ಲು ಹರಿಯುತ್ತಲೇ ಇರುತ್ತದೆ. ಕಾಪಿ ಆಗುವಾಗ ಯಾವ ಎರರ್ ಕೂಡ ಬರುವುದಿಲ್ಲ. ಆದರೆ ಆಡಿಟರ್ ಕಂಪ್ಯೂಟರಿನಲ್ಲಿ ಆ ಫೈಲ್ ತೆರೆಯುವುದಿಲ್ಲ, ಇಲ್ಲವೇ ತೆರೆದರೂ ಕೊನೆಯ ಬಿಲ್ಲುಗಳು ಕಾಣುವುದಿಲ್ಲ.

ಏಕೆ ಹೀಗಾಗುತ್ತದೆ? ಫೋಟೊ ಅಥವಾ ಪಿಡಿಎಫ್ ಒಮ್ಮೆ ಸೇವ್ ಆದ ಮೇಲೆ ಸುಮ್ಮನೆ ಕೂತಿರುತ್ತದೆ. ಡೇಟಾಬೇಸ್ ಹಾಗಲ್ಲ. ಅದು ಪುಟಗಳಾಗಿ ವಿಭಾಗವಾಗಿದ್ದು, ಒಂದು ಬಿಲ್ ಸೇರಿದರೆ ಫೈಲಿನ ಬೇರೆ ಬೇರೆ ಕಡೆಯ ಹಲವು ಪುಟಗಳು ಬದಲಾಗುತ್ತವೆ. ಕಾಪಿ ಮಾಡುವ ಪ್ರೋಗ್ರಾಂ ಮೊದಲಿನಿಂದ ಕೊನೆಯವರೆಗೆ ಓದುತ್ತಾ ಹೋಗುವಷ್ಟರಲ್ಲಿ ಹಿಂದೆ ಓದಿದ ಪುಟ ಹಳೆಯದಾಗಿ, ಮುಂದೆ ಓದುವ ಪುಟ ಹೊಸದಾಗಿರಬಹುದು. ಅರ್ಧ ಹಳೆಯದು, ಅರ್ಧ ಹೊಸದು ಸೇರಿದ ಈ ಫೈಲ್ ಯಾವ ಕ್ಷಣದ ಲೆಕ್ಕವೂ ಅಲ್ಲ.

ಮೊಬೈಲ್ ಆಪ್‌ಗಳಲ್ಲಿ ಹಾಗೂ ಅನೇಕ ಸಣ್ಣ ಸಾಫ್ಟ್‌ವೇರ್‌ಗಳಲ್ಲಿ ಬಳಕೆಯಾಗುವ ಎಸ್‌ಕ್ಯೂಲೈಟ್‌ನಲ್ಲಿ ಇನ್ನೊಂದು ತೊಡಕಿದೆ. ಹಲವು ಆಪ್‌ಗಳಲ್ಲಿ ಹೊಸ ನಮೂದು ಮೊದಲು ಮುಖ್ಯ ಫೈಲಿಗೆ ಹೋಗುವುದಿಲ್ಲ. ಅದೇ ಹೆಸರಿನ ಕೊನೆಗೆ 'ವಾಲ್' ಎಂದು ಅಂಟಿಕೊಂಡ ಪಕ್ಕದ ಫೈಲಿಗೆ ಹೋಗಿ, ಆಮೇಲೆ ಮುಖ್ಯ ಫೈಲಿಗೆ ಸೇರುತ್ತದೆ. 'ಇದೇನೋ ಕಸ' ಎಂದು ಅದನ್ನು ಬಿಟ್ಟರೆ ಇತ್ತೀಚಿನ ನಮೂದುಗಳು ಹೋದಂತೆಯೇ. ಒಂದು ದಿನದ ಮುಖ್ಯ ಫೈಲಿಗೆ ಇನ್ನೊಂದು ದಿನದ ವಾಲ್ ಫೈಲ್ ಜೋಡಿಸಿದರಂತೂ ಇಡೀ ಡೇಟಾಬೇಸ್ ಕೆಡಬಹುದು.

ಬೆಂಗಳೂರಿನದೇ ಆದ ಟ್ಯಾಲಿಯಲ್ಲಿ ಪ್ರತಿ ಕಂಪನಿಗೂ ಅಂಕಿಯ ಹೆಸರಿನ ಒಂದು ಫೋಲ್ಡರ್, ಅದರೊಳಗೆ ಹಲವು ಫೈಲ್. ಒಂದೆರಡನ್ನು ಆರಿಸಿ ಕಳಿಸಿದರೆ ಪ್ರಯೋಜನವಿಲ್ಲ, ಫೋಲ್ಡರ್ ಇಡಿಯಾಗಿ ಹೋಗಬೇಕು.

ದಾರಿ ಕಷ್ಟದ್ದೇನಲ್ಲ. ಸಾಫ್ಟ್‌ವೇರನ್ನು ಎಲ್ಲ ಕಂಪ್ಯೂಟರ್‌ಗಳಲ್ಲೂ ಮುಚ್ಚಿ, ನಂತರ ಕಾಪಿ ಮಾಡಿ. ಮುಚ್ಚಲಾಗದ ಕಡೆ ಸಾಫ್ಟ್‌ವೇರಿನೊಳಗಿನ ಬ್ಯಾಕಪ್ ಆಯ್ಕೆಯನ್ನೇ ಬಳಸಿ. ಎಸ್‌ಕ್ಯೂಲೈಟ್‌ಗೆ 'ಬ್ಯಾಕಪ್', 'ವ್ಯಾಕ್ಯೂಮ್ ಇನ್‌ಟು' ಎಂಬ ಆಜ್ಞೆಗಳಿವೆ, ಮೈಎಸ್‌ಕ್ಯೂಎಲ್‌ಗೆ ಡಂಪ್ ಇದೆ. ಓಡುತ್ತಿರುವ ಡೇಟಾಬೇಸನ್ನು ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್‌ನಂಥ ಸಿಂಕ್ ಫೋಲ್ಡರಿನಲ್ಲಿ ಇಡುವುದು ಬೇಡ. ಬ್ಯಾಕಪ್ ಆದ ಫೈಲನ್ನು ಇಡಬಹುದು, ಧಾರಾಳವಾಗಿ.

ಇನ್ನು ಸಾಗಣೆ. ಪೆನ್‌ಡ್ರೈವ್ ಫ್ಯಾಟ್32 ಮಾದರಿಯದಾದರೆ 4 ಜಿಬಿ ಮೀರಿದ ಒಂದೇ ಫೈಲ್ ಅದರಲ್ಲಿ ಹಿಡಿಯುವುದಿಲ್ಲ. 'ಇಜೆಕ್ಟ್' ಒತ್ತದೆ ಕಿತ್ತರೆ ಬರಹ ಅರ್ಧಕ್ಕೇ ನಿಂತಿರಬಹುದು. ಎಫ್‌ಟಿಪಿಯಲ್ಲಿ ಕಳಿಸುವವರು 'ಟೆಕ್ಸ್ಟ್' ಬದಲು 'ಬೈನರಿ' ಆಯ್ಕೆಯಲ್ಲೇ ಕಳಿಸಬೇಕು. ತಲುಪಿದ ಫೈಲ್ ಅದೇನಾ ಎಂದು ನೋಡಲು ಎಸ್‌ಎಚ್‌ಎ-256 ಎಂಬ ಬೆರಳಚ್ಚು ಇದೆ. ವಿಂಡೋಸ್‌ನ 'ಸರ್ಟ್‌ಯುಟಿಲ್' ಆಜ್ಞೆ 64 ಅಕ್ಷರಗಳ ಆ ಸಾಲನ್ನು ಕೊಡುತ್ತದೆ. ಎರಡೂ ಕಡೆ ಒಂದೇ ಸಾಲು ಬಂದರೆ ದಾರಿಯಲ್ಲಿ ಏನೂ ಕೆಟ್ಟಿಲ್ಲ. ಆದರೆ ಹೊರಡುವಾಗಲೇ ಕೆಟ್ಟಿದ್ದ ಫೈಲನ್ನು ಇದು ಹಿಡಿಯಲಾರದು, ಅದು ನೆನಪಿರಲಿ.

ಬ್ಯಾಕಪ್ ಇದೆ ಎಂಬ ನಂಬಿಕೆ ಎಷ್ಟು ದೊಡ್ಡವರಿಗೂ ಕೈಕೊಡುತ್ತದೆ ಎನ್ನುವುದಕ್ಕೆ ಗಿಟ್‌ಲ್ಯಾಬ್ ಸಾಕ್ಷಿ. 2017ರ ಜನವರಿ 31ರಂದು ಅಲ್ಲಿನ ಎಂಜಿನಿಯರ್ ಒಬ್ಬರು ಎರಡನೇ ಸರ್ವರ್ ಎಂದುಕೊಂಡು ಮುಖ್ಯ ಸರ್ವರಿನ ಡೇಟಾ ಫೋಲ್ಡರನ್ನೇ ಅಳಿಸಿದರು. ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ ಮಾತ್ರ. ದಿನವೂ ಆಗುತ್ತಿದೆ ಎಂದುಕೊಂಡಿದ್ದ ಬ್ಯಾಕಪ್ ಆಗುತ್ತಲೇ ಇರಲಿಲ್ಲ. ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6, ಬ್ಯಾಕಪ್ ಸಾಧನ 9.2. ವಿಫಲವಾದ ಸೂಚನೆಯ ಇಮೇಲ್‌ಗಳೂ ತಿರಸ್ಕೃತವಾಗಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆರು ಗಂಟೆ ಹಿಂದೆ ಬೇರೆ ಕೆಲಸಕ್ಕೆಂದು ತೆಗೆದಿಟ್ಟಿದ್ದ ಒಂದು ಪ್ರತಿ ಕೈಹಿಡಿಯಿತು. ನಡುವಿನ ಆರು ಗಂಟೆಯ ಡೇಟಾ ಹೋಯಿತು.

ಆದ್ದರಿಂದ ತಿಂಗಳಿಗೊಮ್ಮೆಯಾದರೂ ಬ್ಯಾಕಪ್ಪನ್ನು ಬೇರೆ ಕಂಪ್ಯೂಟರಿನಲ್ಲಿ ರಿಸ್ಟೋರ್ ಮಾಡಿ, ಕೊನೆಯ ಬಿಲ್ ನಂಬರ್ ಮತ್ತು ಆ ದಿನದ ಒಟ್ಟು ಮೊತ್ತ ತಾಳೆ ನೋಡಿ. ಹತ್ತು ನಿಮಿಷದ ಕೆಲಸ. ಎಸ್‌ಕ್ಯೂಲೈಟ್ ಬಳಸುವವರಿಗೆ 'ಇಂಟೆಗ್ರಿಟಿ ಚೆಕ್' ಎಂಬ ಪರೀಕ್ಷೆಯೂ ಇದೆ, ಸರಿಯಿದ್ದರೆ 'ಓಕೆ' ಎನ್ನುತ್ತದೆ.

ಫೈಲ್ ಈಗಾಗಲೇ ಕೆಟ್ಟಿದ್ದರೆ ಗಾಬರಿಯಲ್ಲಿ ಮೂಲ ಫೈಲಿನ ಮೇಲೆಯೇ ರಿಪೇರಿ ಸಾಧನ ಓಡಿಸಬೇಡಿ. ಮೊದಲು ಪಕ್ಕದ ಫೈಲುಗಳ ಸಮೇತ ಇಡೀ ಫೋಲ್ಡರಿನ ಒಂದು ನಕಲು ತೆಗೆದು ಬದಿಗಿಡಿ. ರಿಪೇರಿಯ ಪ್ರಯೋಗವೆಲ್ಲ ಇನ್ನೊಂದು ನಕಲಿನ ಮೇಲೆ ನಡೆಯಲಿ.