ಸುಟ್ಟ ಕೋಟೆಮನೆಯೊಳಗೊಂದು ಹೊಸ ಮನೆ

ನೋಡಿ, ಹಳೇ ಕಟ್ಟಡ ಅಂದ್ರೆ ನಮಗೆ ಗೊತ್ತಿರೋದು ಎರಡೇ ದಾರಿ. ಜೆಸಿಬಿ ತರಿಸಿ ಕೆಡವೋದು, ಇಲ್ಲಾಂದ್ರೆ ಹಿಂದೆ ಹೇಗಿತ್ತೋ ಹಾಗೇ ಕಟ್ಟೋದು. ಇಂಗ್ಲೆಂಡಿನ ವಾರಿಕ್‌ಶೈರ್‌ನಲ್ಲಿರುವ ಆಸ್ಟ್ಲಿ ಕ್ಯಾಸಲ್‌ನಲ್ಲಿ ಇವೆರಡನ್ನೂ ಮಾಡಲಿಲ್ಲ.

ಸುತ್ತ ಕಂದಕವಿರುವ ಶತಮಾನಗಳಷ್ಟು ಹಳೆಯ ಕೋಟೆಮನೆ ಇದು. 1553ರಲ್ಲಿ ಒಂಬತ್ತೇ ದಿನ ರಾಣಿಯಾಗಿದ್ದು, ಮರುವರ್ಷ ತಲೆದಂಡ ತೆತ್ತ ಲೇಡಿ ಜೇನ್ ಗ್ರೇ ಇದ್ದಾಳಲ್ಲ, ಅವಳ ಮನೆತನದ ಆಸ್ತಿ. ಕಾಲ ಉರುಳಿ ಅದೇ ಮನೆ ಹೋಟೆಲ್ ಆಯ್ತು. 1978ರಲ್ಲಿ ಬೆಂಕಿ ಬಿತ್ತು. ಚಾವಣಿ ಹೋಯ್ತು.

ಕಲ್ಲಿನ ಗೋಡೆ ತಾನೇ, ಚಾವಣಿ ಹೋದರೇನಂತೆ, ನಿಲ್ಲುತ್ತೆ ಅನ್ನಬೇಡಿ. ಇಂಥ ಹಳೇ ದಪ್ಪ ಗೋಡೆಗಳಿಗೆ ಎರಡು ಕಡೆ ಮಾತ್ರ ಒಳ್ಳೆ ಕಲ್ಲು. ನಡುವೆ ತುಂಬಿರೋದು ಚೂರುಕಲ್ಲು ಮತ್ತು ಗಾರೆ. ನೆತ್ತಿಯಿಂದ ಮಳೆನೀರು ಇಳಿದರೆ ಗಾರೆ ಸಡಿಲವಾಗುತ್ತೆ, ಗೋಡೆಯ ಹೊಟ್ಟೆ ಉಬ್ಬುತ್ತೆ, ಒಂದು ದಿನ ಹೊರಮೈ ಕಳಚಿ ಬೀಳುತ್ತೆ. ಆಸ್ಟ್ಲಿ ಮೂವತ್ತು ವರ್ಷ ಹೀಗೇ ನೆನೆಯಿತು.

ಹಳೇ ಕಟ್ಟಡಗಳನ್ನ ರಿಪೇರಿ ಮಾಡಿ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಲ್ಯಾಂಡ್‌ಮಾರ್ಕ್ ಟ್ರಸ್ಟ್ ಇದನ್ನ ಕೈಗೆತ್ತಿಕೊಂಡಿತು. ವಿದರ್‌ಫೋರ್ಡ್ ವಾಟ್ಸನ್ ಮ್ಯಾನ್ ಅನ್ನೋ ವಾಸ್ತುಶಿಲ್ಪಿಗಳ ಸಂಸ್ಥೆ ಪಾಳುಗೋಡೆಗಳ ಒಳಗೇ, ಒಂದು ಭಾಗದಲ್ಲಿ ಮಾತ್ರ, ಎಂಟು ಜನ ತಂಗುವ ಮನೆ ಕಟ್ಟಿತು. ಎಂಜಿನಿಯರಿಂಗ್ ಓದಿದವನಿಗೆ ಖುಷಿ ಕೊಡೋ ವಿಷಯ ಇಲ್ಲಿದೆ. ಕಲ್ಲು ಬಿದ್ದುಹೋದ ಕಡೆಯೆಲ್ಲ ತೆಳು ಇಟ್ಟಿಗೆಯಲ್ಲಿ ತುಂಬಿ ಮೇಲಕ್ಕೆಬ್ಬಿಸಿದರು. ಮನೆಗೆ ಅದೇ ಗೋಡೆ, ವಾಲಿದ ಹಳೇ ಕಲ್ಲಿಗೆ ಅದೇ ಆಸರೆ. ಬರೀ ಕಬ್ಬಿಣದ ಊರುಗೋಲು ಕೊಟ್ಟಿದ್ದರೆ ದುಡ್ಡೂ ಖರ್ಚು, ಒಳಗೆ ನರಪಿಳ್ಳೆಯೂ ಇರ್ತಿರಲಿಲ್ಲ. ಇಟ್ಟಿಗೆ ಎಲ್ಲಿ ಶುರುವಾಯ್ತು ಅಂತ ಮುಚ್ಚಿಡೋ ಪ್ರಯತ್ನವೂ ಇಲ್ಲ. ಹಳೇದು ಹಳೇದೇ, ಹೊಸದು ಹೊಸದೇ. ಮಲಗುವ ಕೋಣೆಗಳು ಕೆಳಗೆ, ಹಾಲ್ ಮತ್ತು ಅಡುಗೆಮನೆ ಮಹಡಿಯಲ್ಲಿ. ಬೆಳಕು, ಕಂದಕದ ನೋಟ ಎಲ್ಲ ಮೇಲೇ ತಾನೇ ಸಿಗೋದು!

2013ರಲ್ಲಿ ಇದಕ್ಕೆ ಬ್ರಿಟನ್ನಿನ ಸ್ಟರ್ಲಿಂಗ್ ಪ್ರಶಸ್ತಿ ಬಂತು. ಹಳೇ ರೂಪ ಹೋಯ್ತಲ್ಲ ಅಂತ ಗೊಣಗುವವರಿಗೆ ನನ್ನದೊಂದೇ ಪ್ರಶ್ನೆ: ಆ ರೂಪ ಬೆಂಕಿಯಲ್ಲೇ ಹೋಗಿತ್ತಲ್ಲವೇ ಸ್ವಾಮಿ? ನಮ್ಮೂರುಗಳ ವಾಡೆ, ತೊಟ್ಟಿಮನೆಗಳಲ್ಲೂ ಅಷ್ಟೆ. ಅಣ್ಣತಮ್ಮಂದಿರು ಪೂರ್ತಿ ರಿಪೇರಿಗೆ ದುಡ್ಡಿಲ್ಲ ಅಂತ ಕೈಚೆಲ್ಲಿ ಕೂತಿರ್ತಾರೆ, ಅಷ್ಟರಲ್ಲಿ ಹೆಂಚು ಜಾರಿ ಗೋಡೆ ನೆನೆಯುತ್ತೆ. ಒಂದು ಅಂಕಣಕ್ಕಾದರೂ ಚಾವಣಿ ಹಾಕಿ ಅಲ್ಲಿ ವಾಸ ಮಾಡಬಹುದು ಅನ್ನೋದು ಯಾರಿಗೂ ಹೊಳೆಯಲ್ಲ.

ಆಸ್ಟ್ಲಿಯಲ್ಲಿ ಉಳಿದ ಭಾಗಕ್ಕೆ ಇವತ್ತಿಗೂ ಚಾವಣಿಯಿಲ್ಲ. ಕಿಟಕಿಯ ಕಲ್ಲುಚೌಕಟ್ಟಿನ ಪಕ್ಕ ಊಟದ ಮೇಜು, ಮೇಲೆ ಆಕಾಶ. ಮಳೆ ಬಂದರೆ ತಟ್ಟೆ ಎತ್ತಿಕೊಂಡು ಒಳಗೆ ಓಡಬೇಕು.