ಸುಳ್ಳು ಹೇಳುವ ಗಾಜು: ಉಗಿಬಂಡಿಯ ನೀರಿನ ಪೈಪುಗಳ ಕಥೆ

ಬಸ್ಸಲ್ಲಿ ಕೂತಿದ್ದೀರೋ, ಪಾತ್ರೆ ತೊಳೀತಾ ಕೇಳ್ತಿದ್ದೀರೋ ಗೊತ್ತಿಲ್ಲ. ಪಾತ್ರೆ ತೊಳೀತಿದ್ದರೆ ಇನ್ನೂ ಒಳ್ಳೇದು, ಇವತ್ತಿನ ವಿಷಯಕ್ಕೂ ಅದಕ್ಕೂ ಸಂಬಂಧ ಇದೆ.

ಹೋದ ತಿಂಗಳು ನಮ್ಮ ಮನೇಲಿ ಬಿಸಿನೀರಿನ ನಲ್ಲಿ ಕೈಕೊಟ್ಟಿತು. ತಣ್ಣೀರು ಧೋ ಅಂತ ಬರ್ತಿದೆ, ಬಿಸಿನೀರು ಮಾತ್ರ ದಾರದ ಹಾಗೆ. ಅಮ್ಮ, "ಟ್ಯಾಂಕಲ್ಲಿ ನೀರಿದ್ಯಾ ನೋಡೋ" ಅಂದ್ರು. ಟ್ಯಾಂಕ್ ತುಂಬಿತ್ತು. ಪ್ಲಂಬರ್ ಅಣ್ಣ ಬಂದು, ಗೀಸರಿನಿಂದ ಹೊರಡೋ ಪೈಪನ್ನ ಕತ್ತರಿಸಿ ಒಂದು ತುಂಡು ನನ್ನ ಕೈಗಿಟ್ಟರು. ಒಳಗೆ ಪೆನ್ಸಿಲ್ ತೂರಿಸೋಕೂ ಜಾಗ ಇಲ್ಲ, ಸುತ್ತಲೂ ಬಿಳಿ ಕಲ್ಲು. "ನಿಮ್ದು ಬೋರ್ ನೀರಲ್ವಾ ಸಾರ್, ಕಾದರೆ ಹಿಂಗೇ ಕಟ್ಕೊಳ್ಳೋದು" ಅಂದರು.

ಅದೇ ಟ್ಯಾಂಕು, ಅದೇ ನೀರು. ತಣ್ಣೀರಿನ ಪೈಪು ಚೆನ್ನಾಗೇ ಇದೆ, ಬಿಸಿನೀರಿನ ಪೈಪು ಮಾತ್ರ ಕಲ್ಲಾಗಿದೆ. ಈ ಪ್ರಶ್ನೆ ತಲೇಲಿ ಇಟ್ಕೊಂಡೇ ಆ ಭಾನುವಾರ ಅಕ್ಕನ ಮಗಳನ್ನ ಕರ್ಕೊಂಡು ಕೆ.ಆರ್.ಎಸ್. ರಸ್ತೆಯ ರೈಲ್ವೆ ಮ್ಯೂಸಿಯಮ್ಮಿಗೆ ಹೋದೆ. ನಮ್ಮ ಮೈಸೂರಿನ ಈ ಮ್ಯೂಸಿಯಂ ಶುರುವಾಗಿದ್ದು 1979ರಲ್ಲಿ, ದೆಹಲಿಯದಾದ ಮೇಲೆ ದೇಶದಲ್ಲಿ ಎರಡನೆಯದು. ಎಲ್ಲರೂ ಮಹಾರಾಣಿಯವರ ಸಲೂನ್ ಗಾಡಿ ನೋಡ್ತಾರೆ, ಎಂಜಿನ್ ಮುಂದೆ ನಿಂತು ಫೋಟೋ ತೆಗೆಸ್ಕೊಳ್ತಾರೆ. ನಾನು ಬಗ್ಗಿ ಎಂಜಿನ್ನಿನ ಕೆಳಗೆ ನೋಡ್ತಿದ್ದೆ. ಪೈಪುಗಳು! "ಮಾಮ, ಏನು ಬಿತ್ತು?" ಅಂತ ಮಗು ಕೇಳಿದಳು.

ನಾನು ಬಿ.ಕಾಂ. ಮಾಡಿದವನು, ಎಂಜಿನಿಯರ್ ಅಲ್ಲ. ಆದರೆ ಎಂಜಿನ್ನಿನ ನೀರಿನ ದಾರಿ ಅರ್ಥ ಆಗೋಕೆ ದೊಡ್ಡ ಗಣಿತ ಬೇಕಿಲ್ಲ. ಅದರಲ್ಲಿ ಎರಡು ಭಾಗ: ತಣ್ಣೀರಿನ ಭಾಗ, ಬಿಸಿನೀರಿನ ಭಾಗ. ಎರಡೂ ಕೊಳಕಾಗುತ್ತವೆ, ಆದರೆ ಎರಡೂ ಬೇರೆ ಬೇರೆ ಥರ.

ತಣ್ಣೀರಿನದು ಸುಲಭ. ಎಂಜಿನ್ನಿನ ಹಿಂದೆ ಕಲ್ಲಿದ್ದಲು, ನೀರು ಎರಡನ್ನೂ ಹೊತ್ತ ಗಾಡಿ ಇರುತ್ತೆ, ಅದು ಟೆಂಡರ್. ಸ್ಟೇಷನ್ನಿನಲ್ಲಿ ಸೊಂಡಿಲಿನಂಥ ಕಬ್ಬಿಣದ ಪೈಪಿನಿಂದ ಅದಕ್ಕೆ ನೀರು ಬೀಳುತ್ತೆ. ನೀರಿನ ಜೊತೆ ಎಲೆ, ಪಾಚಿ, ಕಲ್ಲಿದ್ದಲ ಪುಡಿ, ಹಳೇ ಟ್ಯಾಂಕಿನ ತುಕ್ಕಿನ ಚೂರು ಎಲ್ಲ ಬರುತ್ತವೆ. ನಮ್ಮ ಓವರ್‌ಹೆಡ್ ಟ್ಯಾಂಕ್ ತೊಳೆಯೋ ದಿನ ತಳದಲ್ಲಿ ಏನು ಸಿಗುತ್ತೋ ಅದೇ. ಇದನ್ನ ತಡೆಯೋಕೆ ಜಾಲರಿಗಳು. ನೀರು ತುಂಬೋ ಬಾಯಲ್ಲಿ ಒಂದು, ಟೆಂಡರಿನಿಂದ ನೀರು ಹೊರಡೋ ಕಡೆ ಇನ್ನೊಂದು, ಕೆಲವು ಎಂಜಿನ್ನುಗಳಲ್ಲಿ ಪೈಪಿನ ಮಧ್ಯೆ ಬಿಚ್ಚಿ ತೊಳೆಯೋಕೆ ಆಗುವಂಥದ್ದು ಮತ್ತೊಂದು. ಶೆಡ್ಡಿನಲ್ಲಿ ವಾಲ್ವ್ ಮುಚ್ಚಿ, ಜಾಲರಿ ತೆಗೆದು, ಉಜ್ಜಿ ತೊಳೆದು ವಾಪಸ್ ಹಾಕೋದು. ದಾರಿ ಮಧ್ಯೆ ಕಟ್ಟಿಕೊಂಡರೆ ಫೈರ್‌ಮನ್‌ಗಳು ಒಂದು ಉಪಾಯ ಮಾಡ್ತಿದ್ದರು. ಉಗಿಯನ್ನ ಉಲ್ಟಾ ದಿಕ್ಕಿನಲ್ಲಿ ಟೆಂಡರಿನ ಕಡೆಗೇ ಊದೋದು. ಕಸ ಜಾಲರಿ ಬಿಟ್ಟು ಹಿಂದಕ್ಕೆ ಹೋಗುತ್ತೆ, ಮುಂದಿನ ಸ್ಟೇಷನ್ನಿನ ತನಕ ಬಂಡಿ ಓಡುತ್ತೆ. ಅದು ತಾತ್ಕಾಲಿಕ ಅಷ್ಟೇ, ಕಸ ಇನ್ನೂ ಟ್ಯಾಂಕಿನಲ್ಲೇ ಇದೆ.

ಜಾಲರಿ ದಾಟಿದ ನೀರು ಹೋಗೋದು ಇಂಜೆಕ್ಟರಿಗೆ. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದ್ರೆ ಈ ಸಾಮಾನಿನ ಬಗ್ಗೆ ಓದಿದಾಗ ನಾನು ಮೊದಲು ನಂಬಲಿಲ್ಲ.

ಬಾಯ್ಲರ್ ಒಳಗೆ ಭಯಂಕರ ಒತ್ತಡ ಇರುತ್ತೆ. ಮೀಟರ್‌ಗೇಜ್ ಹಳಿಗಳ ಮೇಲೆ ಓಡ್ತಿದ್ದ ವೈ.ಪಿ. ಎಂಜಿನ್ನಿನಲ್ಲಿ ಚದರ ಇಂಚಿಗೆ 210 ಪೌಂಡ್. ಕಾರಿನ ಟೈರಿಗೆ ನಾವು ಹೊಡೆಸೋದು 30, 35. ಅಂಥ ಬಾಯ್ಲರಿಗೆ ಹೊರಗಿಂದ ನೀರು ತಳ್ಳಬೇಕು ಅಂದರೆ ಅದಕ್ಕಿಂತ ಜಾಸ್ತಿ ಒತ್ತಡ ಬೇಕು, ಅಲ್ವಾ? ಇಂಜೆಕ್ಟರ್ ಅದನ್ನ ಅದೇ ಬಾಯ್ಲರಿನ ಉಗಿ ತಗೊಂಡು ಮಾಡುತ್ತೆ! ನಿಮ್ಮ ಜೇಬಿಂದ ಸಾಲ ತಗೊಂಡು ನಿಮಗೇ ಬಡ್ಡಿ ಕೊಟ್ಟ ಹಾಗೆ. 1858ರಲ್ಲಿ ಫ್ರಾನ್ಸಿನ ಆನ್ರಿ ಜಿಫಾರ್ ಅನ್ನೋವರು ಇದಕ್ಕೆ ಪೇಟೆಂಟ್ ಪಡೆದರು.

ಲೆಕ್ಕದಲ್ಲಿ ಮೋಸ ಇಲ್ಲ. ಸಣ್ಣ ಮೂತಿಯಿಂದ ಉಗಿ ವಿಪರೀತ ವೇಗದಲ್ಲಿ ನುಗ್ಗಿ ತಣ್ಣೀರಿಗೆ ಬಡಿಯುತ್ತೆ. ತಣ್ಣೀರು ತಾಗಿದ ತಕ್ಷಣ ಉಗಿ ನೀರಾಗಿಬಿಡುತ್ತೆ, ಅದರ ವೇಗ ಎಲ್ಲ ನೀರಿಗೆ ಸಿಗುತ್ತೆ. ಆ ನೀರಿನ ಜೆಟ್ ಮುಂದೆ ಅಗಲವಾಗ್ತಾ ಹೋಗೋ ಕೊಳವೆಯಲ್ಲಿ ನಿಧಾನ ಆಗುತ್ತೆ, ವೇಗ ಹೋಗಿ ಒತ್ತಡ ಆಗುತ್ತೆ. ಬಾಯ್ಲರಿನ ಬಾಗಿಲು ತಳ್ಳೋಕೆ ಅದು ಸಾಕು. ಉಗಿಯಲ್ಲಿದ್ದ ಶಾಖದ ಒಂದು ಪಾಲು ಇಲ್ಲಿ ಖರ್ಚಾಗುತ್ತೆ, ಪುಕ್ಕಟೆ ಏನೂ ಇಲ್ಲ.

ಈಗ ನಮ್ಮ ವಿಷಯ. ಇದೆಲ್ಲ ನಡೆಯೋದು ಕೆಲವೇ ಮಿಲಿಮೀಟರ್ ಅಗಲದ ಕೊಳವೆಗಳಲ್ಲಿ. ಇಲ್ಲೇ ನೀರು ಮೊದಲ ಸಲ ಬಿಸಿಯಾಗೋದು. ಅಂದರೆ ನಮ್ಮ ಮನೆ ಪೈಪಿಗೆ ಬಂದ ರೋಗ ಎಂಜಿನ್ನಿಗೆ ಮೊದಲು ತಗಲೋದೂ ಇಲ್ಲೇ.

ಯಾಕೆ ಬಿಸಿ ಆದಾಗಲೇ? ಭೂಮಿಯೊಳಗೆ ಹರಿಯೋ ನೀರು ಸುಣ್ಣದ ಅಂಶವನ್ನ ಬೈಕಾರ್ಬನೇಟ್ ರೂಪದಲ್ಲಿ ಕರಗಿಸಿಕೊಂಡಿರುತ್ತೆ. ತಣ್ಣಗಿರೋ ತನಕ ಅದು ಕಾಣಲ್ಲ, ತೊಂದರೇನೂ ಕೊಡಲ್ಲ. ಕಾಯಿಸಿದರೆ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತೆ, ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಉಳಿದು ಗೋಡೆಗೆ ಅಂಟುತ್ತೆ. ಸಕ್ಕರೆ, ಉಪ್ಪು ಬಿಸಿನೀರಿನಲ್ಲಿ ಜಾಸ್ತಿ ಕರಗುತ್ತವೆ, ಇದು ಉಲ್ಟಾ. ಪ್ಲಂಬರ್ ಅಣ್ಣ ಒಂದು ವಾಕ್ಯದಲ್ಲಿ ಹೇಳಿದ್ದನ್ನ ನಾನು ಒಂದು ಪ್ಯಾರಾ ಮಾಡಿದೆ, ಕ್ಷಮಿಸಿ.

ನಮ್ಮಜ್ಜಿ ಮನೆ ಬಚ್ಚಲಲ್ಲಿ ತಾಮ್ರದ ಹಂಡೆ ಇತ್ತು. ಒಳಗೆ ಬಿಳಿ ಹಕ್ಕಳೆ ಕಟ್ಟಿದಾಗ ಅಜ್ಜಿ ಹುಣಸೆಹಣ್ಣು ಹಚ್ಚಿ ನೆನೆಸಿ ಉಜ್ಜೋರು. ರೈಲಿನ ಶೆಡ್ಡಿನಲ್ಲೂ ಇದೇ ಸೂತ್ರ. ಇಂಜೆಕ್ಟರಿನ ಕೊಳವೆಗಳನ್ನ ಬಿಚ್ಚಿ ತೆಳು ಆಸಿಡ್ಡಿನಲ್ಲಿ ನೆನೆಹಾಕೋದು. ಚೂಪಾದ ಕಬ್ಬಿಣ ಹಾಕಿ ಕೆರೆಯೋ ಹಾಗಿಲ್ಲ. ಒಳಗಿನ ಆಕಾರದಲ್ಲಿ ಒಂದು ಗೀರು ಬಿದ್ದರೂ ಜೆಟ್ ಚೆದುರುತ್ತೆ.

ಇಂಜೆಕ್ಟರ್ ಆದಮೇಲೆ ಬಾಯ್ಲರಿನ ಬಾಗಿಲಲ್ಲಿ ಒಂದು ವಾಲ್ವ್ ಇದೆ, ಕ್ಲಾಕ್ ವಾಲ್ವ್. ನೀರು ಒಳಗೆ ಹೋಗಬಹುದು, ಹೊರಗೆ ಬರೋ ಹಾಗಿಲ್ಲ. ಅದರ ಅಂಚಿಗೆ ಸುಣ್ಣ ಕೂತರೆ ಅರ್ಧ ತೆರೆದೇ ನಿಂತುಬಿಡುತ್ತೆ. ಆಗ ಬಾಯ್ಲರಿನ ಬಿಸಿನೀರು ಹಿಂದಕ್ಕೆ ನುಗ್ಗಿ ಇಂಜೆಕ್ಟರನ್ನ ಕಾಯಿಸುತ್ತೆ. ಕಾದ ಇಂಜೆಕ್ಟರಿನಲ್ಲಿ ಉಗಿ ನೀರಾಗಲ್ಲ, ಕೆಲಸ ನಿಲ್ಲುತ್ತೆ. ಫೈರ್‌ಮನ್ ಏನು ಮಾಡ್ತಾನೆ? ವಾಲ್ವನ್ನ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾನೆ, ಇಂಜೆಕ್ಟರ್ ಮೇಲೆ ತಣ್ಣೀರು ಸುರೀತಾನೆ. ಅಷ್ಟಕ್ಕೂ ಆಗದಿದ್ದರೆ ಎರಡನೇ ಇಂಜೆಕ್ಟರ್. ಎಂಜಿನ್ನಿಗೆ ಬಾಯ್ಲರ್ ತುಂಬೋ ಎರಡು ಪ್ರತ್ಯೇಕ ದಾರಿ ಇರಲೇಬೇಕು ಅನ್ನೋ ನಿಯಮ ಸುಮ್ಮನೆ ಬಂದಿದ್ದಲ್ಲ.

ಬಾಯ್ಲರ್ ಒಳಗಿನ ಸುಣ್ಣದ್ದು ಇನ್ನೊಂದು ಎಪಿಸೋಡ್ ಆಗುವಷ್ಟಿದೆ, ಬೇಗ ಹೇಳಿಬಿಡ್ತೀನಿ. ಆ ಪದರದಲ್ಲಿ ಶಾಖ ಉಕ್ಕಿಗಿಂತ ಹತ್ತಾರು ಪಟ್ಟು ನಿಧಾನವಾಗಿ ದಾಟುತ್ತೆ, ಹಾಗಾಗಿ ಕಲ್ಲಿದ್ದಲು ದಂಡ, ಉಕ್ಕಿಗೂ ಅಪಾಯ. ಅದಕ್ಕೇ ನಿಗದಿತ ದಿನಕ್ಕೆ ಎಂಜಿನ್ ಆರಿಸಿ, ನಿಧಾನವಾಗಿ ತಣಿಸಿ, ಪ್ಲಗ್ಗುಗಳನ್ನ ಬಿಚ್ಚಿ, ಜೋರು ನೀರು ಬಿಟ್ಟು, ಸಲಾಕೆ ಹಾಕಿ ಕೆಸರು ತೆಗೆಯೋದು. ಇದಕ್ಕೆ ವಾಶ್‌ಔಟ್ ಅಂತಾರೆ. ನೀರು ಎಷ್ಟು ಕೆಟ್ಟದೋ ಅಷ್ಟು ಬೇಗ ಬೇಗ ಮಾಡಬೇಕು. ಹಳೇ ಕಾಲದಲ್ಲಿ ಬಾಯ್ಲರಿಗೆ ಆಲೂಗಡ್ಡೆ ಹಾಕೋರಂತೆ, ತಮಾಷೆ ಅಲ್ಲ. ಅದರ ಪಿಷ್ಟ ಸುಣ್ಣ ಗಟ್ಟಿಯಾಗದೆ ಕೆಸರಾಗಿ ಉಳಿಯೋ ಹಾಗೆ ನೋಡ್ಕೊಳ್ತಿತ್ತು. ಆಮೇಲೆ ಫ್ರಾನ್ಸಿನ ಲೂಯಿ ಅರ್ಮಾಂ ಅನ್ನೋ ಎಂಜಿನಿಯರ್ ಸೋಡಾ, ಟ್ಯಾನಿನ್ ಎಲ್ಲ ಸೇರಿಸಿ ನೀರಿಗೆ ಪೂರ್ತಿ ಚಿಕಿತ್ಸೆ ಕೊಡೋ ಪದ್ಧತಿ ತಂದರು. ಟ್ಯಾನಿನ್ ಅಂದರೆ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ, ಅಡಿಕೆ ಚೊಗರಿನ ಒಗರು ಅದೇ.

ಇಷ್ಟು ಹೊತ್ತು ಹೇಳಿದ ಪೈಪುಗಳೆಲ್ಲ ಒಂದರ್ಥದಲ್ಲಿ ಪ್ರಾಮಾಣಿಕ. ಕಟ್ಟಿಕೊಂಡರೆ ನೀರು ಬರಲ್ಲ, ಕೆಳಗಿನ ಪೈಪಿನಿಂದ ಸೋರುತ್ತೆ, ಸದ್ದು ಬದಲಾಗುತ್ತೆ, ಗೊತ್ತಾಗುತ್ತೆ. ನಮ್ಮನೆ ನಲ್ಲಿ ಹೇಳಿದ ಹಾಗೆ. ನನ್ನನ್ನ ನಿಜವಾಗಿ ಹೆದರಿಸಿದ್ದು ಬೇರೆ ಪೈಪು, ಎಲ್ಲಕ್ಕಿಂತ ಚಿಕ್ಕದು.

ಡ್ರೈವರ್ ಕಣ್ಣ ಮುಂದೆ ನಿಂತಿರೋ ಗಾಜಿನ ಕೊಳವೆ, ಗೇಜ್ ಗ್ಲಾಸ್. ಮೇಲಿನ ತುದಿ ಬಾಯ್ಲರಿನ ಉಗಿಗೆ, ಕೆಳಗಿನ ತುದಿ ನೀರಿಗೆ ಸೇರಿರುತ್ತೆ. ಒಳಗೆ ನೀರು ಎಲ್ಲಿದೆಯೋ ಗಾಜಿನಲ್ಲೂ ಅಲ್ಲೇ ಕಾಣಬೇಕು. ಇದು ಯಾಕೆ ಮುಖ್ಯ ಅಂದ್ರೆ, ಬೆಂಕಿಗೂಡಿನ ಛಾವಣಿ ಉಕ್ಕಿನದು. ಕೆಳಗೆ 1000 ಡಿಗ್ರಿ ದಾಟಿದ ಬೆಂಕಿ, ಮೇಲೆ ಸುಮಾರು 200 ಡಿಗ್ರಿಯ ನೀರು. ಹೌದು, 200 ಡಿಗ್ರಿಯ ನೀರೇ ಅಲ್ಲಿ ತಂಪು! ಆ ನೀರು ಮೇಲಿರೋ ತನಕ ಉಕ್ಕು ಉಳಿಯುತ್ತೆ. ನೀರು ಕೆಳಗಿಳಿದರೆ ಛಾವಣಿ ಕೆಂಪಗೆ ಕಾದು, ಮೆತ್ತಗಾಗಿ, ಒತ್ತಡಕ್ಕೆ ಹರಿಯುತ್ತೆ.

ಈಗ ಗಾಜಿನ ಸಣ್ಣ ದಾರಿಗಳಲ್ಲಿ ಸುಣ್ಣ ಕಟ್ಟಿತು ಅಂತಿಟ್ಕೊಳ್ಳಿ. ಮೇಲಿನ ದಾರಿ ಕಟ್ಟಿದರೆ ಗಾಜಿನೊಳಗೆ ಸಿಕ್ಕಿದ ಉಗಿ ತಣ್ಣಗಾಗಿ ನೀರಾಗುತ್ತೆ, ಕೆಳಗಿಂದ ನೀರು ಮೇಲೇರುತ್ತೆ. ಕೆಳಗಿನ ದಾರಿ ಕಟ್ಟಿದರೆ ಮೇಲಿಂದ ಬರೋ ಉಗಿ ನೀರಾಗಿ ಇಳಿಯುತ್ತೆ, ಹೊರಗೆ ಹೋಗೋಕೆ ದಾರಿ ಇಲ್ಲದೆ ತುಂಬ್ತಾ ಹೋಗುತ್ತೆ. ಯಾವ ಕಡೆ ಕಟ್ಟಿದರೂ ಗಾಜು ಇರೋದಕ್ಕಿಂತ ಜಾಸ್ತಿ ನೀರು ತೋರಿಸುತ್ತೆ! ನೀರು ಕಮ್ಮಿ ಅಂತ ತೋರಿಸಿದ್ದರೆ ಫೈರ್‌ಮನ್ ಎಚ್ಚೆತ್ತುಕೊಳ್ತಿದ್ದ. ಇದು "ಎಲ್ಲ ಸರಿಯಿದೆ ಸಾರ್" ಅನ್ನುತ್ತೆ.

ಇದು ಬರೀ ಥಿಯರಿ ಅಲ್ಲ. 1995ರ ಜೂನ್ 16ರಂದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಗೆಟಿಸ್‌ಬರ್ಗ್ ರೈಲ್‌ರೋಡಿನ 1278 ನಂಬರಿನ ಉಗಿ ಎಂಜಿನ್ ಪ್ರವಾಸಿಗರ ಗಾಡಿ ಎಳೀತಾ ಹೋಗುವಾಗ ಬೆಂಕಿಗೂಡಿನ ಛಾವಣಿ ಹರಿಯಿತು. ಉಗಿ ಕ್ಯಾಬಿಗೆ ನುಗ್ಗಿ ಮೂವರು ಸಿಬ್ಬಂದಿಗೆ ತೀವ್ರ ಸುಟ್ಟಗಾಯ. ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ತನಿಖೆ ಮಾಡಿದಾಗ ಬಾಯ್ಲರಿನಲ್ಲಿ ನೀರು ತೀರಾ ಕಮ್ಮಿ ಇದ್ದದ್ದು ತಿಳೀತು. ನೀರಿನ ಗಾಜಿಗೆ ಹೋಗೋ ದಾರಿಯಲ್ಲಿ ಸುಣ್ಣ ಕಟ್ಟಿತ್ತು. ನೀರಿನ ಚಿಕಿತ್ಸೆ, ತೊಳೆಯೋ ಕೆಲಸ, ಸಿಬ್ಬಂದಿಯ ತರಬೇತಿ, ಮೂರರಲ್ಲೂ ಕೊರತೆ. ಛಾವಣಿಯನ್ನ ಹಿಡಿದ ಬೋಲ್ಟುಗಳ ಜೋಡಣೆಯಿಂದಾಗಿ ಅದು ಒಂದೇ ಏಟಿಗೆ ಸಿಡಿಯದೆ ಹಂತಹಂತವಾಗಿ ಬಿಟ್ಟುಕೊಂಡಿತು. ಯಾರೂ ಸಾಯಲಿಲ್ಲ.

ಹಾಗಾದ್ರೆ ಗಾಜನ್ನ ನಂಬೋದು ಹೇಗೆ? ಕಾಮರ್ಸ್ ಓದಿದವರಿಗೆ ಉತ್ತರ ಗೊತ್ತು: ಕ್ಯಾಶ್ ಬುಕ್ ಏನೇ ಹೇಳಲಿ, ಗಲ್ಲಾ ತೆಗೆದು ದುಡ್ಡು ಎಣಿಸಬೇಕು. ಗಾಜಿನ ಕೆಳಗೆ ಒಂದು ಪುಟ್ಟ ನಲ್ಲಿ ಇರುತ್ತೆ. ಮೇಲಿನ ದಾರಿ ಮುಚ್ಚಿ ಆ ನಲ್ಲಿ ತೆರೆದರೆ ಕೆಳಗಿನ ದಾರಿಯಿಂದ ನೀರು ರಭಸವಾಗಿ ಬರಬೇಕು. ಆಮೇಲೆ ಕೆಳಗಿನದ್ದು ಮುಚ್ಚಿ ನೋಡಿದರೆ ಮೇಲಿನಿಂದ ಉಗಿ ಬುಸ್ ಅನ್ನಬೇಕು. ಕೊನೆಗೆ ನಲ್ಲಿ ಮುಚ್ಚಿ ಎರಡೂ ಬಿಟ್ಟಾಗ ನೀರು ಗಾಜಿನಲ್ಲಿ ಟಕ್ಕನೆ ಮೇಲೇರಬೇಕು. ತೂಕಡಿಸ್ತಾ ಏರಿತು ಅಂದ್ರೆ ಎಲ್ಲೋ ಕಟ್ತಿದೆ ಅಂತ ಅರ್ಥ. ವಿಶೇಷ ಏನಂದ್ರೆ ಈ ಪರೀಕ್ಷೆಯೇ ಸ್ವಚ್ಛತೆ ಕೂಡ, ಪ್ರತಿ ಸಲ ಊದಿದಾಗ ಮೆತ್ತಗಿರೋ ಕೆಸರು ಹೊರಗೆ ಹೋಗುತ್ತೆ. ಡ್ಯೂಟಿ ಶುರುವಿಗೊಮ್ಮೆ, ದಾರಿಯಲ್ಲಿ ಅನುಮಾನ ಬಂದಾಗಲೆಲ್ಲ ಮಾಡೋ ಅರ್ಧ ನಿಮಿಷದ ಕೆಲಸ. ಗಟ್ಟಿ ಸುಣ್ಣ ಇದಕ್ಕೆ ಜಗ್ಗಲ್ಲ. ಅದನ್ನ ವಾಶ್‌ಔಟ್ ದಿನ ಬಿಚ್ಚಿ, ಸಲಾಕೆ ತೂರಿಸಿಯೇ ತೆಗೀಬೇಕು.

ಬೆಂಗಳೂರು-ಮೈಸೂರು ಮೀಟರ್‌ಗೇಜ್ ದಾರಿ ಮುಗಿದಿದ್ದು 1882ರಲ್ಲಿ. ಅಲ್ಲಿಂದ ನೂರು ವರ್ಷಕ್ಕೂ ಹೆಚ್ಚು ಕಾಲ ಈ ಊರಲ್ಲಿ ಯಾರೋ ದಿನಾ ಆ ನಲ್ಲಿ ತಿರುಗಿಸಿದ್ದಾರೆ, ಯಾರೋ ಶೆಡ್ಡಿನಲ್ಲಿ ಕೆಸರು ಕೆರೆದಿದ್ದಾರೆ. ಮ್ಯೂಸಿಯಮ್ಮಿನ ಬೋರ್ಡುಗಳಲ್ಲಿ ಎಂಜಿನ್ ಕಟ್ಟಿದ ಕಂಪನಿಯ ಹೆಸರಿರುತ್ತೆ. ತೊಳೆದವರ ಹೆಸರು ನನಗೆ ಕಾಣಲಿಲ್ಲ.

ಜೀವಂತ ಉಗಿಬಂಡಿ ನೋಡಬೇಕು ಅಂದ್ರೆ ನಮಗೆ ಹತ್ತಿರ ಇರೋದು ನೀಲಗಿರಿ. ಕೂನೂರಿನಿಂದ ಮೆಟ್ಟುಪಾಳ್ಯಂ ನಡುವೆ ಹಲ್ಲುಹಳಿಯ ಮೇಲೆ ಈಗಲೂ ಓಡುತ್ತೆ. ದಾರಿಯಲ್ಲಿ ಹಿಲ್‌ಗ್ರೋವ್ ಥರದ ಸ್ಟೇಷನ್ನುಗಳಲ್ಲಿ ನೀರು ತುಂಬಿಸಿಕೊಳ್ಳೋಕೆ ನಿಲ್ಲುತ್ತೆ. ಎಲ್ಲರೂ ವಡೆ, ಟೀಗೆ ಓಡುವಾಗ ನೀವು ಸುರಕ್ಷಿತ ದೂರದಲ್ಲಿ ಎಂಜಿನ್ ಪಕ್ಕ ನಿಂತು ಕೇಳಿ. ಇಂಜೆಕ್ಟರ್ ಹಿಡಿದಾಗ ಒಂದು ಸಣ್ಣ ಶಿಳ್ಳೆಯಂಥ ಏಕತಾನದ ಸದ್ದು ಬರುತ್ತೆ, ಕೆಳಗಿನ ಪೈಪಿಂದ ಸೋರೋದು ನಿಲ್ಲುತ್ತೆ. ರೆಕಾರ್ಡ್ ಮಾಡಿ ನನಗೆ ಕಳಿಸಿ, ಮುಂದಿನ ಸಲ ಹಾಕ್ತೀನಿ.

ನಮ್ಮ ಮನೇಲಿ ಹೊಸ ಪೈಪ್ ಹಾಕಿಸಿದ್ದಾಯ್ತು. ಹಳೇ ತುಂಡು ಈಗ ನನ್ನ ಮೈಕ್ ಪಕ್ಕದಲ್ಲೇ ಇದೆ. ಅಮ್ಮ ಎರಡು ಸಲ ಕಸಕ್ಕೆ ಹಾಕಿದ್ರು, ಎರಡು ಸಲಾನೂ ವಾಪಸ್ ತಂದೆ.