ತಿಂದಷ್ಟೂ ಹಸಿವು: ತಪ್ಪು ಅಮ್ಮನದ್ದಲ್ಲ

ಎರಡು ವರ್ಷದ ಮಗು, ತೂಕ 29 ಕಿಲೋ. ಅವನ ಸಂಬಂಧಿ ಎಂಟು ವರ್ಷದ ಹುಡುಗಿ, 86 ಕಿಲೋ! ಪಾಕಿಸ್ತಾನ ಮೂಲದ ಈ ಮಕ್ಕಳನ್ನು ಪರೀಕ್ಷಿಸಿದ ಕೇಂಬ್ರಿಜ್ ವೈದ್ಯರು 1997ರಲ್ಲಿ ಕಾರಣ ಹೇಳಿದರು: ರಕ್ತದಲ್ಲಿ ಲೆಪ್ಟಿನ್ ಇಲ್ಲ ಅನ್ನುವಷ್ಟು ಕಡಿಮೆ.

ಲೆಪ್ಟಿನ್ ಅಂದ್ರೆ ಕೊಬ್ಬಿನ ಕೋಶಗಳು ಮಿದುಳಿಗೆ ಕಳಿಸೋ ಹಾರ್ಮೋನ್. 'ಸಾಕು, ದಾಸ್ತಾನಿದೆ' ಅನ್ನೋ ಸುದ್ದಿ. ಅದರ ಜೀನ್ ಕೆಟ್ಟರೆ ಸುದ್ದಿಯೇ ಹೋಗಲ್ಲ. ಊಟ ಮುಗಿಸಿ ಕೈ ತೊಳೆಯೋದ್ರೊಳಗೆ ಮತ್ತೆ ಹಸಿವು. ಆ ಹುಡುಗಿಗೆ ದಿನಾ ಲೆಪ್ಟಿನ್ ಇಂಜೆಕ್ಷನ್ ಕೊಟ್ಟರು. ಹಸಿವೂ ಇಳೀತು, ತೂಕವೂ ಇಳೀತು. ಇನ್ನು ಕೆಲವರಲ್ಲಿ ಲೆಪ್ಟಿನ್ ಇರುತ್ತೆ, ಅದಕ್ಕೆ ಓಗೊಡೋ ಎಂಸಿ4ಆರ್‌ನಂಥ ಜೀನ್ ಕೆಟ್ಟಿರುತ್ತೆ.

ಇದು ಅಪರೂಪ. ದಪ್ಪಗಿರೋ ಮಕ್ಕಳಿಗೆಲ್ಲ ಜೀನ್ ಟೆಸ್ಟ್ ಬೇಕಿಲ್ಲ. ಆದ್ರೆ ಹುಟ್ಟಿದಾಗ ಸರಿಯಿದ್ದ ತೂಕ ಮೊದಲ ತಿಂಗಳುಗಳಲ್ಲೇ ಏರುತ್ತಾ ಹೋದ್ರೆ, ಎಷ್ಟು ತಿಂದರೂ ಮಗು ಅಳು ನಿಲ್ಲಿಸದಿದ್ರೆ, ಕೆಲಸಕ್ಕೆ ಹೋಗೋ ಅಮ್ಮನನ್ನ 'ಬಿಸ್ಕೆಟ್ ಕೊಟ್ಟು ಕೆಡಿಸಿದೆ' ಅಂತ ಬೈಯೋದು ಶುದ್ಧ ಅನ್ಯಾಯ.

ಮಕ್ಕಳ ಹಾರ್ಮೋನ್ ಡಾಕ್ಟರನ್ನ ಕಾಣಿ. ಸೋದರಮಾವ, ಅತ್ತೆಮಗ ಅಂತ ಸಂಬಂಧದಲ್ಲೇ ಮದುವೆ ಆಗಿದ್ರೆ ಮುಚ್ಚಿಡದೆ ಹೇಳಿ: ಕೆಟ್ಟ ಜೀನ್ ಎರಡೂ ಕಡೆಯಿಂದ ಬರೋ ಸಾಧ್ಯತೆ ಅಲ್ಲಿ ಹೆಚ್ಚು. ವಂಶವಾಹಿ ರೋಗಗಳಿಗೆಂದೇ ಇರೋ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲೇ ಇದೆ.